ಬಾವು ಕಾಣುವ ಕಡೆ

ಟೈರಿಗೂ ಎರಡು ಮೈ ಇರುತ್ತವೆ ಅನ್ನುವುದು ಈ ವಯಸ್ಸಿನವರೆಗೆ ನನಗೆ ಗೊತ್ತಿರಲಿಲ್ಲ. ದುಂಡಗೆ ಕಪ್ಪಗಿರುವ ವಸ್ತು, ಹೇಗೆ ತಿರುಗಿಸಿ ಹಾಕಿದರೂ ಒಂದೇ ಅಂದುಕೊಂಡಿದ್ದೆ. ಚಿಕ್ಕ ಮಗ ಪಿಕಪ್ ಗಾಡಿ ತಂದ ಮೇಲೆ ತಿಳಿಯಿತು. ಅದರ ನಾಲ್ಕು ಟೈರಿಗೂ ಒಂದು ಕಡೆ ದಪ್ಪ ಬಿಳಿ ಇಂಗ್ಲಿಷ್ ಅಕ್ಷರಗಳಿದ್ದವು, ಇನ್ನೊಂದು ಕಡೆ ಬರೀ ಕಪ್ಪು. ಅಕ್ಷರದ ಕಡೆಯೇ ಹೊರಗೆ ಕಾಣಬೇಕು ಅಂತ ಅವನ ಹಟ. ಬಿಡುವು ಸಿಕ್ಕಾಗ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಆ ಅಕ್ಷರಗಳನ್ನು ತಿಕ್ಕಿ ಬೆಳ್ಳಗೆ ಮಾಡುತ್ತಿದ್ದ. ಅವನ ಮಗಳು ಮಗ್ಗಿನಲ್ಲಿ ನೀರು ಹಿಡಿದು ನಿಲ್ಲುತ್ತಿದ್ದಳು. ನಾನು ಓದಿರುವುದು ಮೂರನೇ ಕ್ಲಾಸು. ಕನ್ನಡ ಓದುತ್ತೇನೆ, ತೆಲುಗು ಮಾತಾಡುತ್ತೇನೆ. ಟೈರಿನ ಮೇಲೆ ಏನು ಬರೆದಿದ್ದರೆ ನನಗೇನು?

ನನಗೆ ಬೇಕಾಗಿದ್ದು, ಬೆಳಿಗ್ಗೆ ಹೋದ ಮಗ ಹೋದ ಹಾಗೇ ವಾಪಸ್ಸು ಬರುವುದು.

ಟೈರು ಒಡೆಯುವ ಸದ್ದನ್ನು ನಾನು ಕೇಳಿದ್ದೇನೆ. ಮುಳಬಾಗಿಲು ಕಡೆ ಟೊಮ್ಯಾಟೊ ಬಿಡಿಸಲು ಕೂಲಿಗೆ ಹೋಗಿ, ಹೆಂಗಸರೆಲ್ಲ ಟೆಂಪೋ ಹಿಂದೆ ಕ್ರೇಟುಗಳ ನಡುವೆ ಕೂತು ಬರುತ್ತಿದ್ದೆವು. ಪಕ್ಕದವಳು ಎಲೆಗೆ ಸುಣ್ಣ ಹಚ್ಚಿ ನನ್ನ ಕೈಗೆ ಕೊಟ್ಟಳು. ಢಂ ಅಂದಿತು. ಆಮೇಲೆ ನೋಡಿದರೆ ನಾನು ಯಾರದೋ ಹೊಲದಲ್ಲಿ ಬಿದ್ದಿದ್ದೆ, ಅವಳು ಟೆಂಪೋ ಅಡಿಯಲ್ಲಿದ್ದಳು. ಆ ಎಲೆ ನನ್ನ ಕೈಯಲ್ಲೇ ಇತ್ತು. ಅವತ್ತಿನಿಂದ ದೀಪಾವಳಿ ಪಟಾಕಿಗೂ ನಾನು ಒಳಗೆ ಹೋಗಿ ಕದ ಹಾಕಿಕೊಳ್ಳುತ್ತೇನೆ. ಮಗ ಗಾಡಿ ತರುತ್ತೇನೆ ಅಂದಾಗ ಬೇಡ ಅಂದಿದ್ದೆ. ತಂದ. ನಾನು ಸುಮ್ಮನಾದೆ, ಹೆದರಿಕೆ ಸುಮ್ಮನಾಗಲಿಲ್ಲ.

ನಮ್ಮೂರು ಯಲ್ದೂರಿನ ಹತ್ತಿರ. ಮಾವಿನ ಕಾಲದಲ್ಲಿ ಮಗನಿಗೆ ಪುರುಸೊತ್ತಿರುವುದಿಲ್ಲ. ತೋಟದಿಂದ ಶ್ರೀನಿವಾಸಪುರದ ಮಂಡಿಗೆ, ಮಂಡಿಯಿಂದ ತೋಟಕ್ಕೆ. ಒಂದು ದಿನ ತೋಟದೊಳಗೆ ಹುಲ್ಲಿನಲ್ಲಿ ಮುರಿದು ಬಿದ್ದಿದ್ದ ಬೇಲಿಯ ಕಲ್ಲು ಕಂಬದ ಮೇಲೆ ಗಾಡಿ ಹತ್ತಿಸಿದ. ಎಡಗಡೆ ಹಿಂದಿನ ಚಕ್ರದ ಒಳಮೈಗೆ ಏಟು ಬಿತ್ತು. ಅವನಿಗೆ ಅದು ಗೊತ್ತೇ ಆಗಲಿಲ್ಲ. ಸ್ವಲ್ಪ ದಿನ ಬಿಟ್ಟು ಅದೇ ಚಕ್ರ ಪಂಕ್ಚರ್ ಆಗಿ, ಮಂಡಿಯಿಂದ ಬರುವಾಗ ಶ್ರೀನಿವಾಸಪುರದ ಟೈರ್ ಅಂಗಡಿಯಲ್ಲಿ ನಿಲ್ಲಿಸಿದ. ನಾನೂ ಜೊತೆಗಿದ್ದೆ.

ಅಂಗಡಿಯವನು ಚಕ್ರ ಬಿಚ್ಚಿ ಮಲಗಿಸಿದಾಗ ಒಳಮೈಯಲ್ಲಿ ಅರ್ಧ ನಿಂಬೆಹಣ್ಣಿನಷ್ಟು ಊದಿಕೊಂಡಿದ್ದು ಕಾಣಿಸಿತು. ರಬ್ಬರಿನೊಳಗಿನ ದಾರ ಕಿತ್ತಿದೆ, ಗಾಳಿ ಅಲ್ಲಿ ಒತ್ತುತ್ತಿದೆ, ಟೈರು ಬದಲಾಯಿಸಬೇಕು ಅಂದ. ಆದರೆ ಆ ಅಳತೆಯದು ಅವನ ಹತ್ತಿರ ಇರಲಿಲ್ಲ, ಆರ್ಡರ್ ಕೊಟ್ಟು ತರಿಸಬೇಕಂತೆ. ಮಗನ ಹತ್ತಿರ ಇದ್ದ ಸ್ಟೆಪ್ನಿ ಸವೆದು ನನ್ನ ಹಿಮ್ಮಡಿಯ ಹಾಗೆ ನುಣ್ಣಗಾಗಿತ್ತು. ಹೊಸದು ಬರುವವರೆಗೆ ಇದನ್ನೇ ಹಾಕಿಕೊಂಡು ಹೋಗಿ, ಭಾರ ಹೇರಬೇಡಿ ಅಂದ. ಪಂಕ್ಚರ್ ಹಾಕಿ ಮುಗಿಸಿ, ಟೈರನ್ನು ಮತ್ತೆ ಕೂರಿಸುವ ಮುಂಚೆ ಯಾವ ಕಡೆ ಹೊರಗೆ ಬರಲಿ ಅಂತ ಕೇಳಿದ.

"ಅಕ್ಷರ ಹೊರಗೆ. ಆ ಗಂಟು ಒಳಗೋಗ್ಲಿ," ಅಂದ ನನ್ನ ಮಗ.

"ಗಂಟು ಹೊರಗೆ ಹಾಕಪ್ಪ," ಅಂದೆ ನಾನು.

ಚೆಕಿಂಗ್‌ನವರ ಕಣ್ಣಿಗೆ ಮೊದಲು ಬೀಳುವುದೇ ಅದು, ಬಾಡಿಗೆ ಕೊಡುವವರು ಗಾಡಿ ನೋಡಿ ಮುಖ ತಿರುಗಿಸುತ್ತಾರೆ, ನಿಂಗೆ ಇದೆಲ್ಲ ಗೊತ್ತಾಗಲ್ಲ ಅಂತ ಮಗ ಶುರು ಮಾಡಿದ. ಅಂಗಡಿಯವನೂ ಅವನ ಜೊತೆ ಸೇರಿಕೊಂಡ. "ಮೂರಕ್ಕೆ ಅಕ್ಷರ, ಒಂದಕ್ಕೆ ಬೋಳು. ಮದುವೆ ಹೆಣ್ಣಿಗೆ ಒಂದೇ ಕಿವಿಗೆ ಓಲೆ ಹಾಕ್ದಂಗೆ ಆಗ್ತದಮ್ಮ."

"ಕಿವಿ ಉಳೀಲಿ, ಓಲೆ ಆಮೇಲೆ ನೋಡೋಣ," ಅಂದು ಆ ಟೈರಿನ ಮೇಲೆ ಕೂತುಬಿಟ್ಟೆ. ಅವರಿಬ್ಬರೂ ಟೀ ಕುಡಿದು ಬಂದರು. ನಾನು ಅಲ್ಲೇ ಕೂತಿದ್ದೆ. ಕೊನೆಗೆ ಬಾವು ಹೊರಗೆ ಬಂತು.

ಒಳಗೆ ಹಾಕಿದ್ದರೆ ನನಗೆ ಅದು ಕಾಣುತ್ತಿರಲಿಲ್ಲ. ಕಾಣದೆ ಇದ್ದರೆ ಮನೆಯಲ್ಲಿ ಕೂತು ಅದು ಎಷ್ಟು ದಪ್ಪ ಆಯಿತೋ ಅಂತ ನಾನೇ ಊದಿಸಿಕೊಳ್ಳುತ್ತಿದ್ದೆ. ಕಣ್ಣೆದುರಿಗೆ ಇದ್ದರೆ ಇಷ್ಟೇ ಅಂತ ಗೊತ್ತಿರುತ್ತದೆ.

ಮಾರನೇ ದಿನ ಬೆಳಿಗ್ಗೆ ಬಾವಿನ ಸುತ್ತ ಒಂದು ಗೆರೆ ಹಾಕಿದೆ. ನಮ್ಮ ಕಡೆ ಮೈಮೇಲೆ ಸರ್ಪಸುತ್ತು ಎದ್ದರೆ ಗುಳ್ಳೆಗಳ ಸುತ್ತ ಜಾಜು ಬಳಿಯುತ್ತಾರೆ. ಜಾಜು ಅಂದರೆ ಗೋಡೆಯ ಅಂಚಿಗೆ ಹಚ್ಚುತ್ತಾರಲ್ಲ, ಆ ಕೆಂಪು ಮಣ್ಣು. ಗುಳ್ಳೆ ಗೆರೆ ದಾಟಿ ಹೋಗಿ ತಲೆ ಬಾಲ ಸೇರಿಕೊಂಡರೆ ಕಷ್ಟ ಅನ್ನುತ್ತಾರೆ. ನಮ್ಮತ್ತೆ ಕಲಿಸಿದ್ದು, ಈಗಲೂ ಊರವರು ನನ್ನ ಹತ್ತಿರ ಬಳಿಸಿಕೊಂಡು ಹೋಗುತ್ತಾರೆ. ಅದನ್ನೇ ಹರಳೆಣ್ಣೆಯಲ್ಲಿ ಕಲಸಿ ಟೈರಿಗೆ ಬಳಿದೆ. ಸೊಸೆ ನಕ್ಕಳು. "ಟೈರಿಗೂ ಸರ್ಪಸುತ್ತಾ ಅತ್ತೆ?" ಅಂದಳು. ನಗಲಿ ಅಂತ ಬಿಟ್ಟೆ. ಮಗ ಗಾಡಿ ತೆಗೆಯುವ ಮುಂಚೆ ನಾನು ಗೆರೆ ನೋಡುತ್ತಿದ್ದೆ, ಅಂಗೈಯನ್ನು ಬಟ್ಟಲು ಮಾಡಿ ಬಾವಿನ ಮೇಲೆ ಕವುಚಿ ನೋಡುತ್ತಿದ್ದೆ. ಅದು ಕೈಯೊಳಗೆ ಅಡಗುತ್ತಿತ್ತು. ಗೆರೆ ದಾಟಿರಲಿಲ್ಲ. ಆದರೂ ಅವನು ಬರುವವರೆಗೆ ನನ್ನ ಕಿವಿ ರಸ್ತೆ ಕಡೆಗೇ ಇರುತ್ತಿತ್ತು.

ಅಷ್ಟರಲ್ಲಿ ಊರಿನ ಹೊಸ ಗುಡಿಗೆ ಅಮ್ಮನವರನ್ನು ತರುವ ಕೆಲಸ ಬಂತು. ವಿಗ್ರಹ ಶಿವಾರಪಟ್ಟಣದಲ್ಲಿ ಕೆತ್ತಿಸಿದ್ದರು. ನನ್ನ ಗಾಡಿಯಲ್ಲೇ ತರುತ್ತೇನೆ ಅಂತ ಮಗ ಎಂದೋ ಒಪ್ಪಿಕೊಂಡಿದ್ದ. ಹೊಸ ಟೈರು ಇನ್ನೂ ಬಂದಿರಲಿಲ್ಲ. ಬೇರೆ ಗಾಡಿ ನೋಡಿ ಅಂತ ನಾನು ಗುಡಿಯ ಧರ್ಮಕರ್ತರ ಮನೆಗೇ ಹೋಗಿ ಹೇಳಿದೆ. ಅಮ್ಮನವರೇ ಗಾಡಿ ಮೇಲೆ ಕೂತಿರುವಾಗ ಏನಾಗುತ್ತದೆ ಅಂದರು. ಅಮ್ಮನವರು ಕೂತರೆ ಕಲ್ಲಿನ ತೂಕ ಕಡಿಮೆ ಆಗುತ್ತದಾ? ಇದನ್ನು ಅವರ ಎದುರಿಗೆ ಹೇಳಲಿಲ್ಲ, ಮಗನಿಗೆ ಹೇಳಿದೆ. ಮುಹೂರ್ತ ಇಟ್ಟಾಗಿದೆ, ಈಗ ಆಗಲ್ಲ ಅಂದರೆ ಊರಲ್ಲಿ ತಲೆ ಎತ್ತಂಗಿಲ್ಲ ಅಂದ.

ಅಮ್ಮನವರನ್ನು ಕರೆತರುವುದು ಅಂದರೆ ಹೆಣ್ಣನ್ನು ಮನೆ ತುಂಬಿಸಿಕೊಂಡ ಹಾಗೆ. ಊರಿನ ಮುತ್ತೈದೆ ಒಬ್ಬಳು ಮಡಿಲಕ್ಕಿ ಹಿಡಿದು ಹೋಗಬೇಕು. ಬೇರೆ ಯಾರನ್ನೋ ಗೊತ್ತು ಮಾಡಿದ್ದರು. ನಾನೇ ಹೋಗುತ್ತೇನೆ ಅಂದೆ. ಭಕ್ತಿ ಅಂದುಕೊಂಡರು. ನಾನು ಹೋಗಿದ್ದು ಆ ಚಕ್ರದ ಜೊತೆಗಿರಲು.

ಶಿವಾರಪಟ್ಟಣದ ಬೀದಿಯಲ್ಲಿ ಉಳಿ ಸದ್ದು, ಎಲ್ಲೆಲ್ಲೂ ಕಲ್ಲಿನ ಪುಡಿ. ಅಮ್ಮನವರ ಮುಖಕ್ಕೆ ಅರಿಶಿನದ ಬಟ್ಟೆ ಕಟ್ಟಿದ್ದರು. ಹಗ್ಗ ಹಾಕಿ, ಹಲಗೆ ಮೇಲೆ ಜಾರಿಸಿ, ಹುಲ್ಲಿನ ಮೆತ್ತೆಯ ಮೇಲೆ ಮಲಗಿಸಿದಾಗ ಗಾಡಿಯ ಹಿಂಭಾಗ ಕುಸಿದು ಕೂತಿತು. ಒಮ್ಮೆ ಎತ್ತಿದ ಮೇಲೆ ಪೀಠ ಸೇರುವವರೆಗೆ ಅಮ್ಮನವರು ನೆಲ ಮುಟ್ಟಬಾರದು ಅಂತ ಧರ್ಮಕರ್ತರು ಎಲ್ಲರಿಗೂ ಜ್ಞಾಪಿಸಿದರು. ಚಕ್ರ ನೋಡೋಣ ಅಂತ ಹೊರಟೆ. ಅಷ್ಟರಲ್ಲಿ ಕೆತ್ತಿದವರ ಮನೆಯೊಳಗೆ ತಾಂಬೂಲಕ್ಕೆ ಕರೆದರು. ಹೋಗದೆ ಇರುವ ಹಾಗಿಲ್ಲ. ಹೊರಗೆ ಬರುವುದರಲ್ಲಿ ತೆಂಗಿನಕಾಯಿ ಒಡೆದು, ತಮಟೆ ಶುರುವಾಗಿ, ಹೊತ್ತು ಮೀರುತ್ತೆ ಹತ್ತಮ್ಮ ಹತ್ತು ಅಂತ ನನ್ನನ್ನು ಮುಂದೆ ಕೂರಿಸಿಬಿಟ್ಟರು. ನಾನು, ನನ್ನ ಪಕ್ಕ ಧರ್ಮಕರ್ತರು, ಸ್ಟೇರಿಂಗ್ ಹಿಡಿದು ಮಗ. ಹಿಂದೆ ಅಮ್ಮನವರನ್ನು ಹಿಡಿದುಕೊಂಡು ಊರಿನ ಗಂಡಸರು.

ದಾರಿಯುದ್ದಕ್ಕೂ ಧರ್ಮಕರ್ತರು ಗುಡಿಯ ಕತೆ ಹೇಳುತ್ತಿದ್ದರು. ನನಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಹಂಪು ಬಂದಾಗಲೆಲ್ಲ ಕಾಲಿನ ಬೆರಳು ಮುದುರಿಕೊಳ್ಳುತ್ತಿದ್ದವು. ಢಂ ಅನ್ನುವ ಸದ್ದು ಇನ್ನೂ ಬಂದಿರಲಿಲ್ಲ, ಆದರೆ ನಾನು ಅದನ್ನು ಕೇಳುತ್ತಲೇ ಇದ್ದೆ. ಮಡಿಲಲ್ಲಿದ್ದ ಅಕ್ಕಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಆಮೇಲೆ ನೋಡಿದರೆ ಸೀರೆಗೆ ಬೆವರಿನ ಕಲೆ ಹತ್ತಿತ್ತು.

ಕೋಲಾರ ದಾಟಿ ಶ್ರೀನಿವಾಸಪುರದ ರಸ್ತೆಯಲ್ಲಿ ಒಂದು ಹುಣಸೆಮರದ ಕೆಳಗೆ ನೀರು ಕುಡಿಯಲು ನಿಲ್ಲಿಸಿದರು. ನಾನು ನೇರ ಹಿಂದಿನ ಚಕ್ರಕ್ಕೆ ಹೋದೆ. ನೋಡಿದರೆ ಗೆರೆಯೇ ಇಲ್ಲ. ಟೈರಿನ ಮೇಲೆಲ್ಲ ಅರಿಶಿನ, ಕುಂಕುಮ, ಅದರ ಮೇಲೆ ಧೂಳು ಮೆತ್ತಿಕೊಂಡು ಎಲ್ಲ ಒಂದೇ ಬಣ್ಣ. ಯಾರಿದನ್ನು ಮಾಡಿದ್ದು ಅಂತ ಕೇಳಿದೆ. ಹಿಂದೆ ಕೂತಿದ್ದವರಲ್ಲಿ ಒಬ್ಬ, ಬಹಳ ಒಳ್ಳೆಯ ಕೆಲಸ ಮಾಡಿದವನ ಹಾಗೆ ಹೇಳಿದ: "ನೀವೇ ಆಗ್ಲೇ ಕುಂಕುಮ ಇಟ್ಟಿದ್ರಲ್ಲಜ್ಜಿ. ಒಂದಕ್ಕೇ ಇಟ್ಟು ಬಿಟ್ಟವ್ರೆ ಅಂತ ನಾವು ಎಲ್ಲಾದಕ್ಕೂ ಹಚ್ಚಿದ್ವಿ. ಇದಕ್ಕೆ ಇನ್ನೊಂಚೂರು ಜಾಸ್ತಿ."

ನನ್ನ ಜಾಜು ಅವರಿಗೆ ಕುಂಕುಮವಾಗಿ ಕಂಡಿತ್ತು. ಬಾಟ್ಲಿ ನೀರು ಸುರಿದು ಸೆರಗಿನಲ್ಲಿ ಒರೆಸಲು ಶುರು ಮಾಡಿದೆ.

"ಏಮ್ಮಾ, ಅಮ್ಮನವರು ಕೂತಿರೋ ಗಾಡೀಲಿ ಕುಂಕುಮ ಅಳಿಸ್ತೀಯಾ? ಮುತ್ತೈದೆ ಅಲ್ವಾ ನೀನು?" ಧರ್ಮಕರ್ತರ ಧ್ವನಿ ನಡುಗುತ್ತಿತ್ತು. ಅವರಿಗೂ ಭಯವೇ. ಅವರ ಭಯ ಬೇರೆ, ನನ್ನ ಭಯ ಬೇರೆ.

ಒರೆಸಿದೆ. ಕುಂಕುಮದ ಜೊತೆಗೆ ಗೆರೆಯೂ ಹೋಯಿತು. ಆಗ ಅಂಗೈ ಬಟ್ಟಲು ಮಾಡಿ ಇಟ್ಟೆ. ಬೆಳಿಗ್ಗೆ ಕೈಯೊಳಗೆ ಅಡಗಿದ್ದ ಬಾವು ಈಗ ಅಡಗಲಿಲ್ಲ. ಬೆರಳ ಸಂದಿಯಿಂದ ಹೊರಗೆ ಬರುತ್ತಿತ್ತು. ಬಿಸಿಯಾಗಿತ್ತು, ಜ್ವರ ಬಂದ ಮಗುವಿನ ಹಣೆಯ ಹಾಗೆ.

ಮಗನನ್ನು ಕರೆದೆ. ಇನ್ನೇನು ಊರು ಬಂತಲ್ಲ, ನಿಧಾನಕ್ಕೆ ಹೋಗ್ತೀನಿ ಅಂದ.

"ಕೈ ಇಟ್ಟು ನೋಡ್ಲಾ."

ಇಟ್ಟ. ಇಟ್ಟ ಕೈಯನ್ನು ಬೇಗ ತೆಗೆಯಲಿಲ್ಲ. ನಾನು ಅವನ ಮುಖ ನೋಡಿದೆ, ತುಟಿ ಒಣಗಿತ್ತು. ಅಮ್ಮನವರನ್ನು ಇಳಿಸಬೇಕು ಅಂದೆ. ಹಿಂದಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದುವರೆಗೆ ಯಾವ ಊರಲ್ಲೂ ಇಂಥದ್ದು ನಡೆದಿಲ್ಲ, ನಡುರಸ್ತೆಯಲ್ಲಿ ನೆಲ ಮುಟ್ಟಿಸಿದರೆ ಊರಿಗೇ ಕೇಡು, ನಿನ್ನ ಮನೆಯಿಂದಲೇ ಶುರುವಾಗುತ್ತದೆ ಅಂತ ಧರ್ಮಕರ್ತರು ಹೇಳಿದರು. ಮಗನ ಕಡೆ ತಿರುಗಿ ಗಾಡಿ ಹತ್ತು ಅಂದರು. ಅವನು ಒಂದು ಹೆಜ್ಜೆ ಇಟ್ಟ.

"ಅಮ್ಮನವರು ಒಡೆದ್ರೆ ಶಿವಾರಪಟ್ಟಣದಲ್ಲಿ ಇನ್ನೊಂದು ಕೆತ್ತಿ ಕೊಡ್ತಾರೆ ಸ್ವಾಮಿ," ಅಂದೆ. "ಇವನನ್ನ ನಾನು ಎಲ್ಲಿ ಕೆತ್ತಿಸ್ಲಿ?"

ಮಗ ಗಾಡಿಯ ಬಾಗಿಲು ತೆಗೆದ. ಹತ್ತಿಬಿಟ್ಟ ಅಂದುಕೊಂಡೆ. ಅವನು ಕೈ ಮಾತ್ರ ಒಳಗೆ ಹಾಕಿ ಬೀಗದ ಕೀ ಎಳೆದುಕೊಂಡು ಬಂದು ನನ್ನ ಕೈಗೆ ಕೊಟ್ಟ. ನಾನು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಪಕ್ಕದ ಕಣದವರನ್ನು ಕೇಳಿ ರಾಗಿ ಹುಲ್ಲು ತಂದು ದಪ್ಪಗೆ ಹಾಸಿದರು, ಮೇಲೆ ಪಂಚೆ ಹರಡಿದರು. ಹುಲ್ಲು ನೆಲವಲ್ಲ ಅಂತ ಯಾರೋ ಅಂದರು, ಅದನ್ನೇ ಎಲ್ಲರೂ ಹಿಡಿದುಕೊಂಡರು. ಹಲಗೆ ಮೇಲೆ ಅಮ್ಮನವರನ್ನು ಇಳಿಸುವಾಗ ಗಾಡಿ ಒಂದು ಸಲ ಮೇಲೆದ್ದು ಓಲಾಡಿತು. ನಾನು ಮಗನ ಅಂಗಿ ಹಿಡಿದು ಚಕ್ರದಿಂದ ದೂರ ಎಳೆದೆ. ಆಮೇಲೆ ಊರಿಗೆ ಫೋನು ಮಾಡಿ ಟ್ರ್ಯಾಕ್ಟರ್ ತರಿಸಿದರು. ಅದು ಬರುವವರೆಗೆ ಅಮ್ಮನವರು ಹುಣಸೆಮರದ ಕೆಳಗೆ ಮುಖ ಮುಚ್ಚಿಕೊಂಡು ಇದ್ದರು, ನಾನು ಪಕ್ಕದಲ್ಲಿ ಕೂತಿದ್ದೆ. ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ ಕೈ ಮುಗಿದು ಹೋದರು. ಒಬ್ಬಳು ತಲೆಯಲ್ಲಿದ್ದ ಕನಕಾಂಬರ ತೆಗೆದು ಇಟ್ಟಳು. ಧರ್ಮಕರ್ತರು ನನ್ನ ಕಡೆ ಬೆನ್ನು ಹಾಕಿ ನಿಂತಿದ್ದರು.

ಅಮ್ಮನವರು ಟ್ರ್ಯಾಕ್ಟರ್‌ನಲ್ಲಿ ಹೋದರು. ಮಗ ಆ ಸವೆದ ಸ್ಟೆಪ್ನಿ ಹಾಕಿ ಬರಿ ಗಾಡಿಯನ್ನು ಎತ್ತಿನ ಗಾಡಿಯ ಹಾಗೆ ಓಡಿಸಿಕೊಂಡು ಬಂದ. ನಾನು ಅವನ ಜೊತೆಗೇ ಬಂದೆ.

ಟೈರು ಒಡೆಯಲಿಲ್ಲ. ಒಡೆಯುತ್ತಿತ್ತೋ ಇಲ್ಲವೋ, ಯಾರು ಹೇಳುತ್ತಾರೆ? ಮನೆಗೆ ಬಂದು ಗಾಳಿ ಬಿಟ್ಟ ಮೇಲೆ ಬಾವೇ ಇಲ್ಲದ ಹಾಗೆ ಚಪ್ಪಟೆಯಾಗಿಹೋಯಿತು. ನೋಡಲು ಬಂದವರಿಗೆ ತೋರಿಸೋಣ ಅಂದರೆ ಏನೂ ಕಾಣುವುದಿಲ್ಲ. ಮುದುಕಿ ಸುಮ್ಮನೆ ಅಮ್ಮನವರನ್ನು ರಸ್ತೆಯಲ್ಲಿ ಕೂರಿಸಿದಳು ಅಂತ ಊರಲ್ಲಿ ಈಗಲೂ ಅನ್ನುತ್ತಾರೆ. ಅನ್ನಲಿ. ಪ್ರತಿಷ್ಠೆಯ ದಿನ ಬಟ್ಟೆ ಬಿಚ್ಚಿ ಕಣ್ಣು ತೆರೆಸುವಾಗ ನಾನು ಎಲ್ಲರ ಹಿಂದೆ, ಕಂಬದ ಮರೆಯಲ್ಲಿ ನಿಂತಿದ್ದೆ. ಒಡೆದರೆ ಇನ್ನೊಂದು ಅಂದಿದ್ದೆನಲ್ಲ. ಆ ಕಣ್ಣು ಮೊದಲು ನನ್ನ ಮೇಲೆ ಬೀಳುವುದು ಬೇಡ ಅನ್ನಿಸಿತು.

ಹೊಸ ಟೈರು ಬಂತು. ಅದಕ್ಕೂ ಬಿಳಿ ಅಕ್ಷರ. ಅಕ್ಷರ ಹೊರಗೆ ಹಾಕಿಸಲಾ ಅಂತ ಮಗ ಕೇಳಿದ, ಹಾಕಿಸು ಅಂದೆ. ಮೊಮ್ಮಗಳಿಗೆ ಖುಷಿ. ಈಗ ನಾಲ್ಕೂ ಚಕ್ರ ಒಂದೇ ಥರ ಬೆಳ್ಳಗೆ ಕಾಣುತ್ತವೆ.

ಆದರೆ ಅವತ್ತು ಆ ಬಾವು ಎದ್ದಿದ್ದು ಒಳಮೈಯಲ್ಲಿ. ಉಳಿದ ಮೂರರ ಒಳಮೈ ನಾನು ಒಂದು ದಿನವೂ ನೋಡಿರಲಿಲ್ಲ, ಒಂದೇ ಚಕ್ರ ಕಾಯುತ್ತಾ ಕೂತಿದ್ದೆ. ಇದು ಹೊಳೆದ ದಿನ ನನಗೆ ಅನ್ನ ಇಳಿಯಲಿಲ್ಲ. ಬಗ್ಗಿ ನೋಡಲು ನನ್ನ ಸೊಂಟ ಬಗ್ಗುವುದಿಲ್ಲ, ಬಗ್ಗಿದರೂ ಅಲ್ಲಿ ಕತ್ತಲು. ಅದಕ್ಕೇ ಈಗ ಬೆಳಿಗ್ಗೆ ಮಣೆ ಹಾಕಿಕೊಂಡು ಚಕ್ರದ ಪಕ್ಕ ಕೂತು, ಹಿಂದಕ್ಕೆ ಕೈ ತೂರಿಸಿ, ಒಳಮೈಯೆಲ್ಲ ಸವರಿ ನೋಡುತ್ತೇನೆ. ಮಣ್ಣು, ಗ್ರೀಸು, ಒಮ್ಮೊಮ್ಮೆ ಮಾವಿನ ಎಲೆ ಸಿಗುತ್ತದೆ. ಏನಾದರೂ ಉಬ್ಬಿದ್ದು ಕೈಗೆ ತಾಗಿದರೆ ಜೀವ ಹೋದ ಹಾಗಾಗುತ್ತದೆ. ಉಗುರಿನಲ್ಲಿ ಕೆರೆದು ನೋಡಿದರೆ ಒಣಗಿದ ಕೆಸರು. ಕೈ ಅಲ್ಲಿರುವಾಗ ಮಗ ಮರೆತು ಗಾಡಿ ಬಿಟ್ಟರೆ ಅಂತ ಸೊಸೆಗೆ ಭಯ. ಅವನು ಹೇಗೆ ಬಿಡುತ್ತಾನೆ, ಕೀ ನನ್ನ ಸೆರಗಿನಲ್ಲಿರುತ್ತದೆ.

ಹೊತ್ತಾಯ್ತಮ್ಮ, ಮಂಡೀಲಿ ಕಾಯ್ತಾವ್ರೆ ಅಂತ ಅವನು ಕೈ ಚಾಚುತ್ತಾನೆ.

"ಇರ್ಲಾ," ಅನ್ನುತ್ತೇನೆ. "ಇನ್ನೊಂದು ಚಕ್ರ ಅದೆ."