ತೋಪು ಹಿಡಿದ ಮಳೆ

ಹವಾಮಾನ ಕಚೇರಿಯ ಹಿಂದಿನ ತೋಪಿನಲ್ಲಿ ಮಳೆ ಅಳೆಯುವವಳನ್ನು ಎಲ್ಲರೂ ಹನಿಯಕ್ಕ ಎನ್ನುತ್ತಿದ್ದರು. ಮಳೆ ನಿಂತಿತೋ ಇಲ್ಲವೋ, ಬಯಲಿನಲ್ಲಿಟ್ಟ ಮಾಪಕ ನೋಡಿ ಮರಗಳ ಕಡೆ ಓಡುವಳು. ಕೊಂಬೆಗಳಡಿಯ ತಗಡಿನ ದೋಣಿಗೆ ತೊಟ್ಟಿಕ್ಕಿದ್ದೆಷ್ಟು, ಕಾಂಡಕ್ಕೆ ಸುತ್ತಿದ ರಬ್ಬರು ಪಟ್ಟಿಯಿಂದ ಡಬ್ಬಕ್ಕೆ ಇಳಿದದ್ದೆಷ್ಟು, ಎಲ್ಲ ಅಳೆಯಬೇಕು. ಕೂಡಿಸಿದರೂ ಬಯಲಿಗೆ ಬಿದ್ದಷ್ಟು ಆಗುತ್ತಿರಲಿಲ್ಲ.

ಉಳಿದದ್ದು ಎಲ್ಲಿ ಹೋಗುತ್ತದೆಂದು ಹೇಳಿಕೊಟ್ಟವನು ಕಂಪ್ಯೂಟರಿನಲ್ಲಿ ಮಳೆಯ ಮುನ್ಸೂಚನೆ ಲೆಕ್ಕ ಹಾಕುವ ತಜ್ಞ. ಒಡಹುಟ್ಟಿದವರಿಲ್ಲದ ಅವಳಿಗೆ ಅವನೇ ತಮ್ಮ.

"ಕಂಪ್ಯೂಟರ್‌ಗೆ ಮರ ಅಂದ್ರೆ ಲೋಟ ಇದ್ದಂಗೆ ಅಕ್ಕ," ಎಂದು ಅವಳ ಲೋಟಕ್ಕೇ ನೀರು ಸುರಿದಿದ್ದ. "ಎಲೆ ಜಾಸ್ತಿ ಇದ್ರೆ ದೊಡ್ಡ ಲೋಟ. ತುಂಬಿದ್ಮೇಲೇ ನೆಲಕ್ಕೆ ಸುರಿಯೋದು. ಒಳಗೆ ನಿಂತಿದ್ದು ಆರಿ ಮೇಲಕ್ಕೆ ಹೋಗುತ್ತೆ."

"ಮೇಲಿನವನು ಕೊಟ್ಟಿದ್ರಲ್ಲಿ ಒಂದು ಪಾಲು ಅವನಿಗೇ ವಾಪಸ್ಸು ಅನ್ನು!"

"ಆ ಪಾಲು ಸರಿಯಾಗಿ ಗೊತ್ತಾದ್ರೆ ಮುನ್ಸೂಚನೆ ಸರಿಹೋಗುತ್ತೆ. ಅದು ನಿನ್ನ ಕೈಲಿದೆ."

ಆ ಮಾತಿಗಾಗಿ ಅವಳು ಜ್ವರ ಬಂದಾಗಲೂ ತೋಪಿಗೆ ಹೋದಳು. ದೇವರು ಸುರಿಸಿದ್ದರ ಲೆಕ್ಕದಲ್ಲಿ ಸುಳ್ಳು ಬೆರೆಸಬಾರದೆಂಬುದು ಅವಳ ನಂಬಿಕೆ.

ಆ ಬೇಸಿಗೆಯಲ್ಲಿ ತೋಪಿನ ಕೆಳಗಿನ ಕೆರೆ ತಳ ಕಂಡಿತು. ನೀರು ಸರಬರಾಜಿನವರ ಸಭೆಗೆ ಅವಳನ್ನೂ ಕರೆಸಿದರು. ಮೇಜಿನ ಮೇಲೆ ಲೋಟವಿಟ್ಟು ನೀರು ಸುರಿದವನು ಆ ತಮ್ಮನೇ. ಅದೇ ಮಾತು, ಅದೇ ನಗು. ಕೊನೆ ಮಾತ್ರ ಬೇರೆ.

"ಬಿದ್ದ ಮಳೇಲಿ ಕಾಲುಭಾಗ ಈ ತೋಪೇ ನುಂಗುತ್ತೆ ಸಾರ್. ಮರ ತೆಗೆದ್ರೆ ಅದು ಕೆರೆಗೆ. ಅನುಮಾನ ಇದ್ರೆ ಇವರನ್ನೇ ಕೇಳಿ, ಅಳೆದಿದ್ದು ಇವರೇ."

ಅಕ್ಕ ಎನ್ನುತ್ತಿದ್ದ ಬಾಯಲ್ಲಿ ಅವಳೀಗ 'ಇವರು' ಆಗಿದ್ದಳು.

"ಹೌದೇನಮ್ಮ?" ಎಂದರು ಎಂಜಿನಿಯರು.

ಇಲ್ಲವೆಂದರೆ ಲೆಕ್ಕಕ್ಕೆ ಸುಳ್ಳು ಬೆರೆಸಿದಂತೆ. "ಹೌದು," ಎಂದಳು. ಆ ಒಂದು ಮಾತಿನ ಮೇಲೆ ತೋಪಿಗೆ ತೋಪೇ ನೆಲಕ್ಕುರುಳಿತು.

ಮಳೆಗಾಲದ ಬಾಗಿಲಲ್ಲಿ ತಮ್ಮ ಬಂದ. ಅವಳು ಮೋಟುಮರವೊಂದರಿಂದ ರಬ್ಬರು ಪಟ್ಟಿ ಬಿಚ್ಚುತ್ತಿದ್ದಳು.

"ಅಕ್ಕ, ಈ ಸಲಾನೂ ನೀನೇ ಅಳೀಬೇಕು. ಮರ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು ಅಂತ ಹೋಲಿಸಿ ನೋಡ್ಬೇಕು."

"ಕಡಿಯೋ ವಿಚಾರ ಮೊದಲೇ ಗೊತ್ತಿತ್ತಾ ನಿಂಗೆ?"

ಅವನು ತಲೆ ತಗ್ಗಿಸಿದ. "ಹೇಳಿದ್ರೆ ನೀನು ಅಳೀತಿರ್ಲಿಲ್ಲ."

"ಅಳೀತಿದ್ದೆ ಕಣೋ. ಒಂದು ಹನಿನೂ ಆಚೀಚೆ ಮಾಡ್ತಿರ್ಲಿಲ್ಲ. ತಮ್ಮಾ ಅಂತ ಮಾತ್ರ ಕರೀತಿರ್ಲಿಲ್ಲ."

ಸುರುಳಿ ಸುತ್ತಿದ ಪಟ್ಟಿಯನ್ನು ಅವನ ಕೈಗಿತ್ತಳು. "ಇನ್ನು ಬಿದ್ದಿದ್ದೆಲ್ಲ ನೆಲಕ್ಕೇ ಅಲ್ವಾ? ಅಷ್ಟು ಅಳೆಯೋಕೆ ನೀವೇ ಸಾಕು ಸಾರ್."

ಅಷ್ಟರಲ್ಲಿ ಹನಿ ಶುರುವಾಯಿತು. ಅಭ್ಯಾಸಬಲದಿಂದ ಇಬ್ಬರೂ ಮರದಡಿಗೆಂದು ಎರಡು ಹೆಜ್ಜೆ ಓಡಿ, ಹಾಗೇ ನಿಂತರು. ಮೊದಲು ಹೊರಟವಳು ಅವಳೇ, ನೆನೆಯುತ್ತಾ.