ಒರೆಸುವ ಬಟ್ಟೆ ತೋರಿಸಿದ ದಾರಿ

ನೆಂಟರ ಪಾಲಿಗೆ ಅವಳು ‘ಇಲಿ ಡಾಕ್ಟರ್’. ಮಿದುಳು ದಾರಿಯನ್ನು ಹೇಗೆ ಗುರುತಿಟ್ಟುಕೊಳ್ಳುತ್ತದೆ ಎಂಬುದೇ ತನ್ನ ಸಂಶೋಧನೆ ಎಂದು ಎಷ್ಟು ಬಿಡಿಸಿ ಹೇಳಿದರೂ ಚಿಕ್ಕಪ್ಪನ ಪ್ರಶ್ನೆ ಒಂದೇ: “ನಮ್ಮನೆ ಅಟ್ಟದಲ್ಲೂ ಇಲಿ ಕಾಟ ಕಣಮ್ಮ, ಒಂದ್ಸಲ ಬಂದು ನೋಡ್ತೀಯಾ?”

ದೊಡ್ಡಮ್ಮನ ತೀರ್ಪು ಇನ್ನೂ ಚಿಕ್ಕದು. “ಅಷ್ಟೆಲ್ಲ ಓದಿ, ಬೆಟ್ಟ ಅಗೆದು ಇಲಿ ಹಿಡಿದ್ಲು.”

“ಅಗೆಯೋದೇನಿಲ್ಲ ದೊಡ್ಡಮ್ಮ, ಪೆಟ್ಟಿಗೇಲಿ ಹಾಕಿ ತಂದುಕೊಡ್ತಾರೆ,” ಎನ್ನುತ್ತಿದ್ದಳು ಅವಳು.

ಹನ್ನೊಂದು ವರ್ಷ ಅವಳು ಇಲಿಗಳ ಮಿದುಳಿಗೆ ಕೂದಲಿಗಿಂತ ತೆಳುವಾದ ತಂತಿ ಇಳಿಸಿ, ಅವು ಚಕ್ರವ್ಯೂಹದಂಥ ಪೆಟ್ಟಿಗೆಯಲ್ಲಿ ಯಾವ ತಿರುವಿಗೆ ಬಂದಾಗ ಯಾವ ಜೀವಕೋಶ ಮಿಡಿಯುತ್ತದೆಂದು ಬರೆದಿಟ್ಟಳು. ಕಗ್ಗತ್ತಲಲ್ಲಿ ಬಿಟ್ಟರೂ ಅವಳ ಇಲಿಗಳು ಹದಿನಾಲ್ಕು ತಿರುವು ದಾಟಿ ಸಕ್ಕರೆ ನೀರಿನ ಮೂಲೆಗೆ ನೇರ ಹೋಗುತ್ತಿದ್ದವು. ತಲೆಯೊಳಗಿನ ನಕ್ಷೆಯೊಂದೇ ಸಾಕು, ಕಣ್ಣು ಮೂಗು ಬೇಡ ಎಂದು ಪ್ರಬಂಧ ಬರೆದಳು. ಅದು ಹೆಸರಾಂತ ಪತ್ರಿಕೆಯಲ್ಲಿ ಬಂತು. ಪ್ರಯೋಗಾಲಯದ ಬಾಗಿಲು ಯಾವ ಕಡೆಗಿದೆ ಎಂದೂ ತಿಳಿಯದ ನಿರ್ದೇಶಕರು ಸಭೆಯಲ್ಲಿ “ನಮ್ಮ ಸಾಧನೆ” ಎಂದು ಎದೆಯುಬ್ಬಿಸಿ ಮಾತಾಡಿದರು.

ಆಮೇಲೊಂದು ದಿನ ಪ್ರಯೋಗಾಲಯದ ಹಳೆಯ ಅಟೆಂಡರ್ ಮಗಳ ಹೆರಿಗೆಗೆಂದು ವಾರ ರಜೆ ಹಾಕಿದ. ಬದಲಿಗೆ ಬಂದವಳು ಅಚ್ಚುಕಟ್ಟಿನ ಹೆಂಗಸು; ಇಲಿ ಓಡುವ ಪೆಟ್ಟಿಗೆಯನ್ನು ಸೋಪು ಹಾಕಿ ತಿಕ್ಕಿ ತೊಳೆದಳು. ಅಂದು ಜಗತ್ಪ್ರಸಿದ್ಧ ಇಲಿಗಳು ಮೊದಲ ತಿರುವಿನಲ್ಲೇ ಪಿಳಿಪಿಳಿ ಕಣ್ಣು ಬಿಡುತ್ತ ನಿಂತವು. ಮರುದಿನವೂ ಅಷ್ಟೇ. ಪೆಟ್ಟಿಗೆ ತೊಳೆದದ್ದು ಬಿಟ್ಟರೆ ಬೇರೇನೂ ಬದಲಾಗಿರಲಿಲ್ಲ.

ಅಟೆಂಡರ್ ಮರಳಿದ ಕೂಡಲೇ ‘ಇಲಿ ಡಾಕ್ಟರ್’ ಕೇಳಿದಳು: “ದಿನಾ ಪೆಟ್ಟಿಗೆ ಹೇಗೆ ಒರೆಸ್ತಿದ್ರಿ?”

“ಸಕ್ಕರೆ ಮೂಲೆಯಿಂದ ಶುರು ಮೇಡಂ. ಬಟ್ಟೆ ಎತ್ತದೆ ಎಳ್ಕೊಂಡು ಇಲಿ ಬಿಡೋ ಬಾಗಿಲ ತನಕ. ನನ್ನ ಕೆಲಸದಲ್ಲಿ ಒಂದಿನ ಲೋಪ ಇಲ್ಲ.”

ನಿಜ, ಲೋಪವೇ ಇರಲಿಲ್ಲ. ಹನ್ನೊಂದು ವರ್ಷ ಅವನು ಸಕ್ಕರೆಯ ವಾಸನೆಯಲ್ಲಿ ರಾಜಮಾರ್ಗ ಎಳೆದಿದ್ದ. ಇಲಿಗಳು ಅದನ್ನು ಮೂಸುತ್ತ ಹೋಗಿದ್ದವು.

ನಿರ್ದೇಶಕರಿಗೆ ಹೇಳಿದಾಗ ಅವರು ಮೊದಲು ಬಾಗಿಲು ಹಾಕಿದರು. “ಯಾರಿಗೂ ಗೊತ್ತಾಗಿಲ್ಲ ತಾನೆ? ಸುಮ್ನಿರಿ. ಹಾವೂ ಸಾಯೋದು ಬೇಡ, ಕೋಲೂ ಮುರಿಯೋದು ಬೇಡ.”

“ನನಗೆ ಗೊತ್ತಾಗಿದೆಯಲ್ಲ ಸರ್.”

ಆ ವಾರವೇ ಪತ್ರಿಕೆಗೆ ಬರೆದು ಪ್ರಬಂಧ ಹಿಂತೆಗೆದುಕೊಂಡಳು. “ನಮ್ಮ ಸಾಧನೆ” ಹೊತ್ತು ಮುಳುಗುವುದರೊಳಗೆ “ಆಕೆಯ ತಪ್ಪು” ಆಯಿತು. ಅವಳ ದೊಡ್ಡ ಕೋಣೆ ಬೇರೆಯವರ ಪಾಲಾಗಿ, ಮೆಟ್ಟಿಲ ಕೆಳಗಿನ ಉಗ್ರಾಣ ಅವಳಿಗೆ ಸಿಕ್ಕಿತು. ತನ್ನಿಂದಲೇ ಹೀಗಾಯಿತೆಂದು ಕೊರಗಿದ ಅಟೆಂಡರ್, ಕೇಳಿಕೊಂಡು ಅಲ್ಲಿಗೇ ವರ್ಗ ಮಾಡಿಸಿಕೊಂಡ. “ನೀವು ಹೇಳಿದ ಕೆಲಸ ಮಾಡಿದ್ರಿ. ನೋಡಬೇಕಾದವಳು ನಾನು ನೋಡಲಿಲ್ಲ,” ಎಂದಳು ಅವಳು. ಅಲ್ಲಿಗೆ ಆ ಮಾತು ಮುಗಿಯಿತು.

ಪ್ರತಿ ಓಟಕ್ಕೂ ಪೆಟ್ಟಿಗೆ ತೊಳೆದು ಹೊಸದಾಗಿ ಶುರುಮಾಡಿದರು. ಎರಡು ವರ್ಷದ ಕೊನೆಗೆ, ಒಂಬತ್ತು ಇಲಿಗಳಲ್ಲಿ ಎರಡು ವಾಸನೆಯ ಹಂಗಿಲ್ಲದೆ, ತಡವರಿಸುತ್ತ, ಸಕ್ಕರೆ ಮುಟ್ಟಿದವು. ಅವಳು ಮೂರೇ ಪುಟ ಬರೆದಳು: ನಕ್ಷೆ ಇರುವಂತಿದೆ, ಆದರೆ ಮಸುಕು. ಈ ಸಲ ಸಭೆ ಕರೆಯುವ ಗೋಜಿಗೆ ಯಾರೂ ಹೋಗಲಿಲ್ಲ.

ಪತ್ರಿಕೆ ಬಂದ ದಿನ ಅಟೆಂಡರ್ ಆ ಪುಟಗಳನ್ನು ಎರಡು ಸಲ ತಿರುವಿದ. “ಬರೀ ಎರಡೇನಾ ಮೇಡಂ?”

“ಎರಡೇ. ಆದರೆ ಇವು ನಿಜವಾಗಿ ದಾರಿ ನೆನಪಿಟ್ಟು ಹೋದವು,” ಎಂದು ಅವಳು ಮನಸಾರೆ ನಕ್ಕಳು.