ಬಿಸಿಲು ಸರಿಯುವವರೆಗೆ

ಬೆಳ್ಳಾರೆಯ ಹರಿಪ್ರಸಾದ್ ಹಿಟಾಚಿ ಆಪರೇಟರ್. ಗುಂಡ್ಯದ ಆಸುಪಾಸಿನಲ್ಲಿ ಗುಡ್ಡ ಜರಿದಾಗಲೆಲ್ಲ ಹೆದ್ದಾರಿಯ ಮಣ್ಣು ತೆಗೆದವನು. ಮಳೆ ಬಂದರೆ ಅಪಾಯ, ಬಿಸಿಲು ಬಂದರೆ ಕೆಲಸ. ಹದಿನೈದು ವರ್ಷದಲ್ಲಿ ಅವನು ಕಲಿತದ್ದು ಇಷ್ಟು. ಹಿಮಾಚಲದಲ್ಲಿ ರಸ್ತೆ ಅಗಲ ಮಾಡುವ ಕೆಲಸ ಸಿಕ್ಕಾಗ, ಜೊತೆಗೆ ಹಿಟಾಚಿ ಓಡಿಸುತ್ತಿದ್ದ ಉಪ್ಪಿನಂಗಡಿಯ ಅಸ್ಕರ್‌ನನ್ನೂ ಒತ್ತಾಯಿಸಿ ಕರೆದೊಯ್ದ.

ಅಲ್ಲಿಯ ಗುಡ್ಡಗಳ ರೀತಿಯೇ ಬೇರೆ. ಹಗಲು ಕರಗಿದ ಹಿಮದ ನೀರು ಬಂಡೆಯ ಬಿರುಕಿಗೆ ಇಳಿದು, ರಾತ್ರಿ ಹೆಪ್ಪುಗಟ್ಟಿ ಉಬ್ಬುತ್ತದೆ. ಬಂಡೆ ಸೀಳುತ್ತದೆ. ಸೀಳಿದ ತುಂಡು ಬೀಳದಂತೆ ಹಿಡಿದಿರುವುದೂ ಅದೇ ಮಂಜುಗಡ್ಡೆ. ಬಿಸಿಲಿಗೆ ಅದು ಕರಗಿದರೆ ಕಲ್ಲು ಕೆಳಗೆ ಬರುತ್ತದೆ. ಅಲ್ಲಿಯ ಕೂಲಿಗಳು ಇದನ್ನು ಹೇಳಿದ್ದರು. ಆದರೂ ಏಪ್ರಿಲ್‌ನ ಆ ಬೆಳಗ್ಗೆ ಆಕಾಶದಲ್ಲಿ ಒಂದು ಮೋಡವೂ ಇಲ್ಲದ್ದು ಕಂಡು, ಹರಿಪ್ರಸಾದ್ ಊರಿನ ಅಭ್ಯಾಸದಲ್ಲೇ, ನೀನು ಮುಂದೆ ಹೋಗಿ ಶುರು ಮಾಡು ಎಂದು ಅಸ್ಕರ್‌ನನ್ನು ಕಳಿಸಿದ.

ಹತ್ತು ಗಂಟೆಗೆ ಬಂಡೆಯೊಂದು ಕಳಚಿ ಅಸ್ಕರ್‌ನ ಹಿಟಾಚಿಯ ಕ್ಯಾಬಿನ್ ಮೇಲೆ ಬಿತ್ತು.

“ಹರಿಯಣ್ಣ, ಕಾಲು ಸಿಕ್ಕಿಕೊಂಡಿದೆ. ಬೇಗ ಬನ್ನಿ.”

ಹರಿಪ್ರಸಾದ್ ಓಡಿದ. ಮೇಲಿನಿಂದ ಕಲ್ಲು ಉದುರುತ್ತಲೇ ಇತ್ತು. ಇಬ್ಬರು ಕೂಲಿಗಳು ಅವನನ್ನು ಹಿಂದಕ್ಕೆಳೆದರು. ಗುಡ್ಡದ ಮೇಲಿನ ಬಿಸಿಲು ಹೋಗಿ ನೀರು ಮತ್ತೆ ಹೆಪ್ಪುಗಟ್ಟುವ ತನಕ ಕಲ್ಲು ನಿಲ್ಲುವುದಿಲ್ಲ, ಅಲ್ಲಿವರೆಗೆ ಯಾರನ್ನೂ ಬಿಡುವುದಿಲ್ಲ ಎಂದರು ಎಂಜಿನಿಯರ್. ಅವನು ಎರಡು ಸಲ ತಪ್ಪಿಸಿಕೊಂಡು ನುಗ್ಗಿದ. ಎರಡನೆಯ ಸಲ ಕಲ್ಲೊಂದು ಬಡಿದು ಎಡ ಭುಜ ಮುರಿಯಿತು.

“ಈಗ ಬರ್ತೇವೆ ಮಾರಾಯ, ಸ್ವಲ್ಪ ತಡ್ಕೊ” ಎಂದು ಕೂಗುತ್ತಲೇ ಇದ್ದ. ಎದುರಿನ ಬೆಟ್ಟದ ನೆರಳು ಮಾರು ಮಾರಾಗಿ ತೆವಳುತ್ತಿತ್ತು. ಬೇಗ ಕತ್ತಲಾಗಲಿ ಎಂದು ಅವನು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತ. ಎರಡು ಗಂಟೆಗೆ ಅಸ್ಕರ್ ನೀರು ಕೇಳಿದ. ಆಮೇಲೆ ದನಿ ಬರಲಿಲ್ಲ.

ಐದಕ್ಕೆ ನೆರಳು ಗುಡ್ಡವನ್ನು ಮುಚ್ಚಿತು. ಆರರ ಹೊತ್ತಿಗೆ ಕಲ್ಲು ಬೀಳುವುದು ನಿಂತಿತು. ತಗಡು ಕತ್ತರಿಸಿ ಹೊರತೆಗೆದಾಗ ಅಸ್ಕರ್‌ನ ಮೈ ತಣ್ಣಗಾಗಿತ್ತು.

ಭುಜಕ್ಕೆ ಪಟ್ಟಿ ಕಟ್ಟಿಕೊಂಡೇ ಹರಿಪ್ರಸಾದ್ ಉಪ್ಪಿನಂಗಡಿಗೆ ಹೋದ. ಅಸ್ಕರ್‌ನ ತಾಯಿ ಸಫಿಯಾ ಜಗಲಿಯಲ್ಲಿದ್ದರು.

“ಕಡೆಗೆ ಎಂತ ಹೇಳಿದ ಅವ?”

“ನೀರು ಕೇಳಿದ.”

“ಕೊಟ್ರಾ?”

ಇಲ್ಲವೆಂದು ತಲೆ ಅಲ್ಲಾಡಿಸಿದ. ಆ ಬೆಳಗ್ಗೆ ಅವನನ್ನು ಮುಂದೆ ಕಳಿಸಿದ್ದು ತಾನೇ ಎಂಬುದನ್ನೂ ಹೇಳಿದ. ಸಫಿಯಾ ಬೈಯಲಿಲ್ಲ, ಅಳಲಿಲ್ಲ, ಕೂತ್ಕೊಳ್ಳಿ ಎಂದೂ ಹೇಳಲಿಲ್ಲ. ಎದ್ದು ಒಳಗೆ ಹೋದರು. ಅವನು ಅಂಗಳದಲ್ಲೇ ನಿಂತಿದ್ದ. ಮಸೀದಿಯಿಂದ ಇಳಿಹೊತ್ತಿನ ಅಸರ್ ಬಾಂಗ್ ಕೇಳಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ರಸ್ತೆಗಿಳಿದ.